ತಿರುಗಿದ ಬಾಣಗಳು

ಮೇ 4, ಹಾಸ್ಟೆಲ್, ಮೂಡುಬಿದಿರೆ
ಇವತ್ತೂ ಅದೇ. ಉಪಗ್ರಹದ ಹೊಸ ಚಿತ್ರ ಇಳಿಸಿದೆ, ಅರ್ಧ ಗಂಟೆ ಹಿಂದಿನದರ ಜೊತೆ ಹೋಲಿಸಲು ಪ್ರೋಗ್ರಾಮ್ ಓಡಿಸಿದೆ. ಮತ್ತೆ ಎರರ್. ಈ ಲ್ಯಾಪ್‌ಟಾಪಿಗೆ ಬೆಂಕಿ ಬೀಳಲಿ ಅಂದುಕೊಳ್ಳುವಾಗಲೇ — ಬಂತು! ಮೋಡದ ಮೇಲೆಲ್ಲ ಕೆಂಪು ಬಾಣಗಳು. ಮೋಡ ಹೋಗುವ ಕಡೆಗೆ ಬಾಣ. ಚಾರ್ಮಾಡಿಯಿಂದ ನೇರ ಸಮುದ್ರಕ್ಕೆ. ಕಿರುಚಿಬಿಟ್ಟೆ. ಮಳೆ ಮುನ್ಸೂಚನೆ ಪ್ರಾಜೆಕ್ಟಿನ ಜೊತೆಗಾತಿ ದೀಕ್ಷಿತಾ ಹಲ್ಲುಜ್ಜುತ್ತಲೇ ಓಡಿ ಬಂದಳು. ಸ್ಕ್ರೀನಿನ ಮೇಲೆಲ್ಲ ಪೇಸ್ಟ್.

ಮೇ 11
ಇಡೀ ವಾರ ಸರಿಯಾಯಿತು! ಉಜಿರೆಗೆ ಮಳೆ ಎಂದೆವು, ಬಂತು. ಬಂಟ್ವಾಳಕ್ಕೆ ಎಂದೆವು, ಬಂತು. ಬಟ್ಟೆ ಯಾವಾಗ ಒಣಹಾಕಬೇಕೆಂದು ಹಾಸ್ಟೆಲಿಗೆಲ್ಲ ಹೇಳಿಕೊಂಡು ದೀಕ್ಷಿತಾ ಮೆರೆಯುತ್ತಿದ್ದಾಳೆ.
ಬಾಪನಿಗೆ ಫೋನ್ ಮಾಡಿದೆ. ನಕ್ಕರು. "ನಾನು ಘಟ್ಟದ ಕಡೆ ಒಮ್ಮೆ ನೋಡಿದ್ರೆ ಸಾಕು ಆಫ್ರಾ. ಅದಕ್ಕೆ ಕಂಪ್ಯೂಟರ್ ಎಂತಕ್ಕೆ?"
ನನ್ನ ಅಪ್ಪ, ಮನೆ ಕಟ್ಟುವ ದೊಡ್ಡ ಕಂಟ್ರಾಕ್ಟರ್ ಅಬ್ದುಲ್ ನಾಸಿರ್! ಸಿಟ್ಟು ಬಂತು. "ಕಳೆದ ವರ್ಷ ಬೆಳ್ತಂಗಡಿಯಲ್ಲಿ ಸಹ ನೋಡಿದ್ರಲ್ಲ?" ಅಂದುಬಿಟ್ಟೆ. ಆ ದಿನ ಮಳೆಗೆ ತಾರಸಿಗೆ ಹಾಕಿದ ಹಸಿ ಸ್ಲ್ಯಾಬಿನ ಸಿಮೆಂಟೆಲ್ಲ ತೊಳೆದು ಹೋಗಿ, ಒಡೆದು ಮತ್ತೆ ಹಾಕಿದ್ದು. ಬಾಪ ಫೋನ್ ಇಟ್ಟರು. ನನಗೂ ಬೇಕಿತ್ತಾ...

ಮೇ 15
ಬಾಪನೇ ಫೋನ್ ಮಾಡಿದರು!! ನಾಳೆ ಅಳದಂಗಡಿಯಲ್ಲಿ ರುಕ್ಮಯ್ಯಣ್ಣನ ಹೊಸ ಮನೆಗೆ ಸ್ಲ್ಯಾಬ್. "ನಿನ್ನ ಬಾಣ ನೋಡಿ ಹೇಳು ಮಗಳೇ. ಮಳೆ ಉಂಟಾದ್ರೆ ಟರ್ಪಾಲ್ ಮೊದಲೇ ಕಟ್ಟುವ."
ನನ್ನ ಮಾತು ನಂಬಿ ಬಾಪ ಕೆಲಸ ಮಾಡುವುದು ಇದೇ ಮೊದಲು. ನಿದ್ದೆ ಬಂದ ಹಾಗೆಯೇ.

ಮೇ 16, ಮಧ್ಯಾಹ್ನ
ಕುದುರೆಮುಖದ ಮೇಲೆ ದೊಡ್ಡ ಮೋಡ. ಬಾಣ ಕಾರ್ಕಳದ ಕಡೆಗೆ. ಅಳದಂಗಡಿಗೆ ಏನೂ ಇಲ್ಲ.
"ಮಳೆ ಇಲ್ಲ ಬಾಪ. ಧೈರ್ಯದಲ್ಲಿ ಹಾಕಿ."
"ಘಟ್ಟ ಕಪ್ಪು ಕಾಣ್ತದೆ..." ಹಿಂದೆ ಮಿಕ್ಸರಿನ ಸದ್ದು. "ಆಯ್ತು. ನೀನು ಹೇಳಿದ ಮೇಲೆ ಆಯ್ತು." ಟರ್ಪಾಲ್ ಕಟ್ಟಲೇ ಇಲ್ಲ.

ಸಂಜೆ
ಬರೆಯಲೇಬೇಕು.
ಊಟ ಮಾಡಿ ಬಂದು ಹೊಸ ಚಿತ್ರ ನೋಡಿದರೆ — ಬಾಣ ಮೇಲೆ ತೋರಿಸಿತ್ತು, ಮೋಡ ಕೆಳಗೆ ಬಂದಿದೆ! ಉತ್ತರ-ದಕ್ಷಿಣ ತಲೆಕೆಳಗು! ನಕ್ಷೆಯಲ್ಲಿ ಲೆಕ್ಕ ಕೆಳಗಿನಿಂದ ಮೇಲೆ, ಕಂಪ್ಯೂಟರಿನ ಚಿತ್ರದಲ್ಲಿ ಮೇಲಿನಿಂದ ಕೆಳಗೆ. ಇಷ್ಟು ದಿನ ನಮ್ಮ ಮೋಡಗಳೆಲ್ಲ ಘಟ್ಟದಿಂದ ಕಡಲಿಗೆ ಅಡ್ಡಡ್ಡ ಹೋದವು, ಹಾಗಾಗಿ ಗೊತ್ತೇ ಆಗಲಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಮೈನಸ್ ಹಾಕಿದೆ. ಬಾಣಗಳೆಲ್ಲ ಒಟ್ಟಿಗೆ ತಿರುಗಿದವು — ಅಳದಂಗಡಿಗೆ! ಎಷ್ಟು ಚಂದ ಕಂಡಿತೆಂದರೆ... ಥೂ, ನಾಚಿಕೆಯೇ ಇಲ್ಲ ನನಗೆ.
ಬಾಪ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ. ದೀಕ್ಷಿತಾ ಅವಳ ಫೋನಿನಿಂದ ಮಾಡಿದಳು. "ಎತ್ತಿದ್ರು ಮಾರಾಯ್ತಿ, ಎತ್ತಿದ್ರು!"
"ಬಾಪ, ನಾನು ಹೇಳಿದ್ದು ತಪ್ಪು. ಮಳೆ ಬರ್ತಾ ಉಂಟು. ಈಗಲೇ!"
ಯಾಕೆ, ಹೇಗೆ ಒಂದೂ ಕೇಳಲಿಲ್ಲ. ಫೋನ್ ಕಿವಿಯಲ್ಲಿಟ್ಟೇ ಕೂಗಿದರು: "ಟರ್ಪಾಲ್! ಟರ್ಪಾಲ್ ಎಳೆಯಿರಿ!"
ಆಮೇಲೆ ಕಾದದ್ದು... ಆ ಹೊತ್ತು ಯಾರಿಗೂ ಬೇಡ.
ಕೊನೆಗೆ ಬಾಪನ ಫೋನ್. ಟರ್ಪಾಲಿನ ಮೇಲೆ ಮಳೆ ಹೊಡೆಯುವ ಸದ್ದು. "ಒಂದು ಮೂಲೆ ಸ್ವಲ್ಪ ಒದ್ದೆ ಆಗಿದೆ, ಅಷ್ಟೆ. ಸ್ಲ್ಯಾಬ್ ಉಳಿಯಿತು."
ಅತ್ತುಬಿಟ್ಟೆ. "ಕೋಪ ಉಂಟಾ ಬಾಪ?"
"ಎಂತಕ್ಕೆ? ತಪ್ಪು ಅಂತ ಕೂಡಲೇ ಹೇಳಿದ್ದಿ. ಕಳೆದ ವರ್ಷ ನನಗೆ ಆ ಮಾತು ಬಾಯಿಗೆ ಬರಲಿಲ್ಲ. ಹನಿ ಬಿದ್ದ ಮೇಲೂ ಮಳೆ ಇಲ್ಲ, ಹಾಕಿ ಅಂದೆ."

ಮೇ 20
ಬಾಪ ಬಂದಿದ್ದಾರೆ! ಬಂಟ್ವಾಳದಿಂದ ಬಸ್ಸಲ್ಲಿ, ಬಾಣ ನೋಡಲಿಕ್ಕೆಂದೇ. ಹಾಸ್ಟೆಲಿನ ವಿಸಿಟರ್ಸ್ ರೂಮಿನಲ್ಲಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ. ಚಿತ್ರ ಇಳಿಯುವವರೆಗೆ ಇದನ್ನು ಗೀಚುತ್ತಿದ್ದೇನೆ. ಬಾಪ ಎದ್ದು ಕಿಟಕಿಯಿಂದ ಘಟ್ಟದ ಕಡೆ ನೋಡಿದರು.
"ಮೊದಲು ನಾನು ಹೇಳ್ತೇನೆ. ಮತ್ತೆ ನಿನ್ನ ಬಾಣ ನೋಡುವ. ಇವತ್ತು ಮಳೆ ವೇಣೂರಿಗೆ."
ಇಳಿಯಿತು. ಬಾಣಗಳು ಬರುತ್ತಿವೆ. ಬಾಪ ಕನ್ನಡಕ ಒರೆಸಿಕೊಂಡು ಬಗ್ಗಿದರು. ಬಾಣಗಳೆಲ್ಲ ವೇಣೂರಿಗೇ!