ಹಾಲಿನ ತಳದ ಗಂಟು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ

ನನ್ನ ಪ್ರೀತಿಯ ಕಡ್ಡೀ,

ಎಂಬತ್ತೆರಡು ಕೆಜಿ ತೂಗಿದವನನ್ನ ಇನ್ನೂ ಕಡ್ಡಿ ಅಂತೀಯಲ್ಲಮ್ಮ ಅಂತ ಬೈಕೋಬೇಡ. ಹೇಗಿದ್ದೀಯಪ್ಪಾ? ಆ ಗೋದಾಮಿನ ಕೆಲಸದಲ್ಲಿ ಬೆನ್ನು ಹಿಡ್ಕೊಂಡಿದೆ ಅಂದಿದ್ದೆ, ಈಗ ವಾಸಿನಾ? ಹೊತ್ತುಹೊತ್ತಿಗೆ ಊಟ ಮಾಡ್ತೀಯಾ? ನೀನು ಕಳಿಸಿದ ಫೋಟೋ ನೋಡಿದೆ. ನಗ್ತಾ ನಿಂತಿದ್ದೀಯ, ಆದ್ರೆ ಬಟ್ಟೆ ಹೊಲಿಯೋಳ ಕಣ್ಣಿಗೆ ಮಣ್ಣೆರಚೋಕೆ ಆಗುತ್ತೇನೋ? ನಾನೇ ಹೊಲಿದ ನೀಲಿ ಶರ್ಟು, ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಕೂತಿದೆ. ಎದೆ ಸುತ್ತಳತೆ ಏನಿಲ್ಲ ಅಂದ್ರೂ ಎರಡಿಂಚು ಇಳಿದಿದೆ. ಜಿಮ್ಮು ಬಿಟ್ಟೆ ಅಂತ ನೀನು ಬಾಯಿಬಿಡದಿದ್ರೂ ಶರ್ಟು ಹೇಳಿಬಿಡ್ತು.

ನಿಮ್ಮ ಜಿಮ್ ಮೇಷ್ಟ್ರು ಮೊನ್ನೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸೋ ನೆಪದಲ್ಲಿ ಬಂದಿದ್ರು. ನೀರು ಕೇಳ್ಕೊಂಡು ಅಡುಗೆಮನೆವರೆಗೂ ಬಂದವರು ಗೋಡೆ ಮೇಲೆ ನೀನು ಪೆನ್ಸಿಲ್‌ನಲ್ಲಿ ಬರೆದಿದ್ದನ್ನ ಓದ್ತಾ ನಿಂತುಬಿಟ್ರು. ಕೆಜಿಗೆ ಒಂದೂವರೆ ಗ್ರಾಂ ಪ್ರೋಟೀನು, ಎಂಬತ್ತೆರಡು ಕೆಜಿಗೆ ನೂರ ಇಪ್ಪತ್ತಮೂರು. ಮೊಟ್ಟೆ ಒಂದಕ್ಕೆ ಆರು, ಪೌಡರು ಎರಡು ಚಮಚಕ್ಕೆ ನಲವತ್ತೆಂಟು. "ಮಿಕ್ಕವರೆಲ್ಲ ಬಾಯಿಗೆ ಬಂದಷ್ಟು ತಿಂತಾರಮ್ಮ, ಇವನೊಬ್ಬನೇ ನಾನು ಹೇಳಿದ್ದಕ್ಕಿಂತ ಒಂದು ಗ್ರಾಂ ಜಾಸ್ತಿ ಮುಟ್ಟದವನು. ಯಾವಾಗ ಬರ್ತಾನೆ?" ಅಂದ್ರು. ನಾನು ಸೂಜಿಗೆ ದಾರ ಪೋಣಿಸೋಳ ಹಾಗೆ ತಲೆ ಬಗ್ಗಿಸಿದೆ. ಆ ಗೋಡೆಗೆ ಸುಣ್ಣ ಹೊಡೆಸೋಕೆ ನನಗೆ ಮನಸ್ಸು ಬಂದಿಲ್ಲ.

ಅಪ್ಪಂದು ಏನಂತ ಬರೀಲಿ? ವಾರಕ್ಕೆ ಮೂರು ದಿನ ರಕ್ತ ಸೋಸೋ ಮೆಷಿನ್ನು. ಮೂವತ್ತು ವರ್ಷ ಕಾರ್ಖಾನೇಲಿ ಲೇತ್ ಮುಂದೆ ನಿಂತವರು, "ಆಗ ನಾನು ಮೆಷಿನ್ ಓಡಿಸ್ತಿದ್ದೆ, ಈಗ ಮೆಷಿನ್ ನನ್ನ ಓಡಿಸ್ತಿದೆ" ಅಂತ ನರ್ಸಮ್ಮನ್ನ ನಗಿಸ್ತಾರೆ. ಮೊದಲು ಪ್ರೋಟೀನು ಕೆಜಿಗೆ ಅರ್ಧ ಗ್ರಾಂ ದಾಟಬಾರದು ಅಂದಿದ್ದ ಅದೇ ಡಾಕ್ಟ್ರು, ಮೆಷಿನ್ನಿಗೆ ಹಾಕಿದ ಮೇಲೆ ಮೊಟ್ಟೆ ಬಿಳಿ ತಿನ್ನಿಸಿ ಅಂತಾರೆ. ತಿನ್ನಿಸ್ತೀನಿ, ಒಂದೊಂದು ತುತ್ತನ್ನೂ ಎಣಿಸ್ಕೊಂಡು ಕಣೋ. ಗುರುವಾರ ನನ್ನೊಬ್ಬಳನ್ನೇ ಹೊರಗೆ ಕರೆದು, ಹೃದಯಾನೂ ಸೋಲ್ತಾ ಇದೆ, ದೂರದಲ್ಲಿರೋರನ್ನ ಕರೆಸಿಕೊಳ್ಳಿ ಅಂದ್ರು. ಇವರು ಗೇಟಿನ ಸದ್ದಾದ್ರೆ ಸಾಕು, "ಅವನಾ?" ಅಂತಾರೆ. ಅದು ಹಾಲಿನವನು.

ನೀನ್ಯಾಕೆ ಬರ್ತಿಲ್ಲ ಅಂತ ನನಗೆ ಗೊತ್ತು. ಆಸ್ಪತ್ರೆ ವರಾಂಡದಲ್ಲಿ, ಅಪ್ಪನ ಗಾಲಿಕುರ್ಚಿ ಪಕ್ಕದಲ್ಲೇ, ಡಾಕ್ಟ್ರು "ಇವರೇನಾದ್ರೂ ಪ್ರೋಟೀನ್ ಪೌಡರ್ ತಗೋತಿದ್ರಾ?" ಅಂದಾಗ ನಿಮ್ಮ ಚಿಕ್ಕಪ್ಪ ನಿನ್ನ ಮೇಲೆ ಹರಿಹಾಯ್ದರಲ್ಲ, ಇವನೇ ಅಣ್ಣನಿಗೆ ಕುಡಿಸಿ ಕುಡಿಸಿ ಕಿಡ್ನಿ ತಿಂದ ಅಂತ. ನೀನು ಯಾವತ್ತೋ ಒಂದು ದಿನ ತಮಾಷೆಗೆ ಅರ್ಧ ಲೋಟ ಕುಡಿಸಿದ್ದೆ, ಅಷ್ಟೇ. ಆದ್ರೂ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ, ಮಾರನೇ ದಿನ ಊರು ಬಿಟ್ಟೆ. ನಾನು ಅಲ್ಲೇ ಇದ್ದೆ, ಔಷಧಿ ಚೀಲ ಹಿಡ್ಕೊಂಡು. ಒಂದು ಮಾತೂ ಆಡಲಿಲ್ಲ.

ಮೈ ನೋಡ್ಕೋ, ಮಗನೇ. ಭಾರ ಎತ್ತೋವಾಗ ಮಂಡಿ ಬಗ್ಗಿಸು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಸುಳ್ಳು ಯಾಕೆ, ಅಂಟಿಸಿದ ಲಕೋಟೆ ಬಿಚ್ಚಿ ಬರೀತಿದ್ದೀನಿ. ಕುಡಿಸಿದ್ದು ನಾನು. ಒಂದೇ ವಾರದಲ್ಲಿ ನಿನ್ನ ಶರ್ಟಿನ ತೋಳು ಒಂದಿಂಚು ಸಡಿಲ ಬಿಟ್ಟೆ, ಅಪ್ಪನ ಪ್ಯಾಂಟಿನ ಸೊಂಟ ಮೂರನೇ ಸಲ ಒಳಗೆ ಹಿಡಿದೆ. ಎರಡೂ ಒಂದೇ ಮೇಜಿನ ಮೇಲಿದ್ವು. ಭಯ ಆಯ್ತು ಕಣೋ. ಮಗನ ಮೈ ತುಂಬಿಸಿದ್ದು ಅಪ್ಪನ ಮೈಯನ್ನೂ ತುಂಬಿಸಲಿ ಅಂತ, ಡಬ್ಬಿ ಮೇಲೆ ನೀನು ಬರೆದಿದ್ದ ಹಾಗೇ ದಿನಕ್ಕೆ ಎರಡು ಚಮಚ, ನಾಲ್ಕು ತಿಂಗಳು, ಬೆಳಗಿನ ಹಾಲಿಗೆ ಕದಡಿ ಕೊಟ್ಟೆ. ಡಬ್ಬಿ ಬೇಗ ಖಾಲಿ ಆಗ್ತಿದೆಯಲ್ಲಮ್ಮ ಅಂತ ನೀನು ಕೇಳಿದಾಗ ನಿನ್ನ ತಿಂಡಿಪೋತ ಅಂತ ಬೈದೆ. ರೋಗ ಮೊದಲೇ ಇತ್ತು, ಅದು ಹೊರೆ ಹೆಚ್ಚಿಸ್ತು ಅಂತಾರೆ ಡಾಕ್ಟ್ರು. ಜನ್ಮವಿಡೀ ಅಳತೆ ತಗೊಂಡೇ ಬದುಕಿದೋಳು, ಅವರ ಮೈಗೆ ಎಷ್ಟು ಅಂತ ಒಂದು ಮಾತು ಯಾರನ್ನೂ ಕೇಳಲಿಲ್ಲ.

ಲಕೋಟೆ ಅಂಟಿಸಿದ ಮೇಲೆ ಹೋಗಿ ಅವರ ಕಾಲು ಹಿಡ್ಕೊಂಡು ಹೇಳಿದೆ. "ಗೊತ್ತಿತ್ತು ಕಣೆ, ಹಾಲಿನ ತಳದಲ್ಲಿ ಗಂಟಿರ್ತಿತ್ತು" ಅಂದ್ರು. ಮತ್ತೆ ಅವತ್ತು ಮಗನ ಪರವಾಗಿ ಯಾಕೆ ಬಾಯಿ ಬಿಡಲಿಲ್ಲ ಅಂದೆ. "ನೀನು ತಡ್ಕೊಳಲ್ಲ ಅಂತ. ಅವನು ನೂರು ಕೆಜಿ ಎತ್ತೋನು, ಇದನ್ನೂ ಎತ್ತುತ್ತಾನೆ ಅಂದ್ಕೊಂಡೆ. ತಪ್ಪಾಯ್ತು. ಆ ಭಾರ ಇಳಿಸಿ ಬಾ ಅಂತ ಬರಿ" ಅಂದ್ರು.

ಬರೆದಿದ್ದೀನಿ. ಚಿಕ್ಕಪ್ಪನಿಗೆ ಇವತ್ತೇ ಹೇಳ್ತೀನಿ. ಕಾಗದ ಸಿಕ್ಕ ದಿನವೇ ಹೊರಟು ಬಾ.