ಪಕ್ಕದ ಸೀಟಿನ ಮ್ಯಾಟು

ಅಪ್ಪಾ,

ನಿಮ್ಮ ಹಳೇ ಕಾರಿಗೆ ದೊಡ್ಡ ಬ್ರೇಕು ಬಂತು! ಗುಜರಿಯಿಂದ ದೊಡ್ಡ ಕಾರಿನ ಬ್ರೇಕ್ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರು ತಂದೆ. ಅವನ್ನು ಕೂರಿಸುವ ಬ್ರಾಕೆಟ್ಟನ್ನು ಮೊದಲು ರಟ್ಟಿನಲ್ಲಿ, ಆಮೇಲೆ ಉಕ್ಕಿನಲ್ಲಿ ನಾನೇ ಕೊಯ್ದೆ. ಎಲ್ಲ ಬಿಗಿದು ಬೀಗುತ್ತಾ ನೋಡಿದರೆ, ಆ ದೊಡ್ಡ ಡಿಸ್ಕಿನ ಮೇಲೆ ಹಳೇ ಚಕ್ರ ಕೂರಲೊಲ್ಲದು! ಚಕ್ರವನ್ನೂ ದೊಡ್ಡದು ಮಾಡಿದೆ.

ಇವತ್ತು ಅಮ್ಮನ ಜೊತೆ ಖಾಲಿ ರಸ್ತೆಯಲ್ಲಿ ಜೋರಾಗಿ ಓಡಿಸಿ ಬ್ರೇಕ್ ಒತ್ತಿದೆ. ಗಕ್ಕನೆ ನಿಂತಿತು. ಅಮ್ಮನ ಕನ್ನಡಕ ಮಡಿಲಿಗೆ ಬಿತ್ತು.

"ಇನ್ನೊಂದ್ಸಲ ಹೊಡಿಯೇ!" ಎಂದು ನಕ್ಕಳು. ಐದು ಸಲ ನಿಲ್ಲಿಸಿದೆ.

ನೀವಿದ್ದಾಗ, ನಾನು ಓಡಿಸುವಾಗಲೆಲ್ಲ ಪಕ್ಕದಲ್ಲಿ ಕೂತು, ಅಲ್ಲೂ ಬ್ರೇಕ್ ಇದೆ ಎಂಬಂತೆ ಮ್ಯಾಟನ್ನು ಕಾಲಲ್ಲಿ ಒತ್ತುತ್ತಿದ್ದಿರಿ. "ಅಲ್ಲೆಲ್ಲಿದೆ ಬ್ರೇಕು? ಭಯ ಆದ್ರೆ ಇಳೀರಿ" ಎಂದು ಒಮ್ಮೆ ರೇಗಿದ್ದೆ. ನೀವು ಇಳಿದು ನಡೆದೇ ಮನೆಗೆ ಬಂದಿರಿ.

ನೀವು ಒತ್ತಿ ಒತ್ತಿ ತೂತಾದ ಆ ಮ್ಯಾಟನ್ನು ಮಾತ್ರ ಬದಲಾಯಿಸಿಲ್ಲ. ಈ ಕಾಗದ ಅದರಡಿಗೆ.