ಮೂತ್ರ ನಿಂತರೆ ಗುಣವಾದಂತಲ್ಲ

ಮೂತ್ರರೋಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ಬರುವ ಗುರುವಾರ ನಿಮ್ಮಲ್ಲಿ ನನ್ನ ಅಕ್ಕನಿಗೆ ಪದೇ ಪದೇ ಮೂತ್ರ ಬರುವುದನ್ನು ತಡೆಯಲು ಮೂತ್ರಕೋಶಕ್ಕೆ ಬೊಟುಲಿನಮ್ ಇಂಜೆಕ್ಷನ್ ಕೊಡುತ್ತಾರಂತೆ. ಆಮೇಲೆ ಏನೇನಾಗಬಹುದು ಎಂದು ಅವಳಿಗೆ ನಿಮ್ಮವರು ಯಾರೂ ಬಾಯಿಬಿಟ್ಟು ಹೇಳಿಲ್ಲ. ಕಳೆದ ವರ್ಷ ನನಗೂ ಹೇಳಿರಲಿಲ್ಲ. ನಿಮ್ಮ ಬಾಗಿಲಿಗೆ ಬಂದಾಗಲೆಲ್ಲ ತಾವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಮರ್ಯಾದೆ ಹೋಗುತ್ತೆ ಎಂದು ಮನೆಯವರು ತಡೆದರು. ಬಸ್ಸಿನ ಸೀಟು ಒದ್ದೆ ಮಾಡಿಕೊಂಡವಳಿಗೆ ಹೋಗಲು ಇನ್ನೇನು ಉಳಿದಿದೆ ಸ್ವಾಮಿ?

ಹೌದು, ನಾನು ಬಸ್ ಓಡಿಸುವವಳು. ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಚಿಲಕವಿದೆ, ಯಾವ ಹೋಟೆಲಿನವರು ಮುಖ ಸಿಂಡರಿಸದೆ ಒಳಗೆ ಬಿಡುತ್ತಾರೆ, ಎಲ್ಲ ಬಾಯಿಪಾಠ. ತುಂಬಿದ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ ಓಡಿದ್ದೇನೆ. "ಡ್ರೈವರ್ ಮೇಡಂ ಮತ್ತೆ ಹೊರಟ್ರು ನೋಡ್ರಪ್ಪಾ" ಎಂದು ನಕ್ಕವರ ಜೊತೆ ನಾನೂ ನಕ್ಕಿದ್ದೇನೆ. ಮಾತ್ರೆಗಳು ಬಾಯಿ ಒಣಗಿಸಿದವೇ ಹೊರತು ಇನ್ನೇನೂ ಮಾಡಲಿಲ್ಲ. ಆಗ ನಿಮ್ಮ ಕಿರಿಯ ವೈದ್ಯರು, "ಒಂದು ಸಣ್ಣ ಇಂಜೆಕ್ಷನ್ ಅಷ್ಟೇ ಅಮ್ಮಾ, ಹಾಕಿಸ್ಕೊಂಡು ಆರಾಮಾಗಿರಿ" ಎಂದರು.

ಮೊದಮೊದಲು ಆರಾಮಾಗಿಯೇ ಇದ್ದೆ. ಸ್ವಲ್ಪ ಉರಿ, ಸ್ವಲ್ಪ ರಕ್ತ, ಅದೂ ಹೋಯಿತು. ಒಂದು ದಿನ ನಡುವೆ ಎಲ್ಲೂ ಇಳಿಯದೆ ಕೊನೆಯ ನಿಲ್ದಾಣ ಮುಟ್ಟಿದೆ. ಕಂಡಕ್ಟರ್ ಅಣ್ಣನಿಗೆ ಚಹಾ ಕೊಡಿಸಿದೆ. ಇದೇ ತೊಂದರೆಯಿದ್ದ ಅಕ್ಕನಿಗೆ ಫೋನ್ ಮಾಡಿ, "ನೀನೂ ಹಾಕಿಸ್ಕೊಂಡ್ಬಿಡೇ ಅಕ್ಕಾ" ಎಂದೆ. ಮಾರನೆಯ ದಿನ ಹನಿಹನಿಯಾಗಿ ಬಂತು, ಆಮೇಲೆ ಅದೂ ಇಲ್ಲ. ವರ್ಷಗಟ್ಟಲೆ ಓಡಿ ಓಡಿ ಸುಸ್ತಾದವಳಿಗೆ, ಬಾರದಿರುವುದೂ ಒಂದು ಕಾಯಿಲೆ ಎಂದು ಹೊಳೆಯುವುದಾದರೂ ಹೇಗೆ? ಆದರೂ ಅನುಮಾನದಿಂದ ನಿಮ್ಮ ವಿಭಾಗಕ್ಕೆ ಫೋನ್ ಮಾಡಿದೆ. "ಬರ್ತಿಲ್ವಾ? ಮತ್ತೆ ಅದಕ್ಕೇ ಅಲ್ವೇನ್ರೀ ಹಾಕಿಸ್ಕೊಂಡಿದ್ದು!" ಎಂದು ಇಟ್ಟುಬಿಟ್ಟರು. ಆಹಾ, ಎಂಥ ತರ್ಕ! ಮೂಗು ಸೋರುತ್ತಿದೆ ಎಂದವನ ಉಸಿರನ್ನೇ ಕಟ್ಟಿ, ಸೋರುವುದು ನಿಂತಿತಲ್ಲ ಎಂದಂತೆ.

ಹೊಟ್ಟೆ ಕಲ್ಲಾಯಿತು. ಚಳಿಜ್ವರ ಬಂತು. ಹೇಗೋ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿ ಅಲ್ಲೇ ಕುಸಿದೆ. ತುರ್ತು ಚಿಕಿತ್ಸೆಯವರು ನಳಿಕೆ ಹಾಕಿ ಚೀಲ ತುಂಬ ಮೂತ್ರ ತೆಗೆದರು, ಸೋಂಕಾಗಿದೆ ಎಂದರು. "ಹೀಗಾಗ್ಬಹುದು ಅಂತ ಗೊತ್ತಿದ್ದೂ ನಳಿಕೆ ಹಾಕ್ಕೊಳ್ಳೋದು ಕಲಿತಿಲ್ವಾ?" ಎಂದು ನರ್ಸಮ್ಮ ನನ್ನನ್ನೇ ಗದರಿದರು. ಔಷಧಿಯ ಪ್ರಭಾವ ಒಂದಿಷ್ಟು ಇಳಿಯುವವರೆಗೆ, ತಿಂಗಳುಗಟ್ಟಲೆ, ನನಗೆ ನಾನೇ ನಳಿಕೆ ಹಾಕಿಕೊಂಡೆ. ಡಿಪೋದ ಚಿಲಕವಿಲ್ಲದ ಬಾಗಿಲನ್ನು ಕಾಲಲ್ಲಿ ಒತ್ತಿ ಹಿಡಿದು, ಮೊಬೈಲನ್ನು ಹಲ್ಲಲ್ಲಿ ಕಚ್ಚಿ, ಅದರ ಬೆಳಕಿನಲ್ಲಿ. ಅಲ್ಲೇ ನಿಂತು ಅತ್ತದ್ದೂ ಉಂಟು.

ಇಂಜೆಕ್ಷನ್ನೇ ಕೆಟ್ಟದ್ದು ಎನ್ನುತ್ತಿಲ್ಲ. ಎಷ್ಟೋ ಜನರಿಗೆ ಹೀಗೆಲ್ಲ ಆಗುವುದಿಲ್ಲವಂತೆ. ನಳಿಕೆ ಬಿಟ್ಟ ಮೇಲೆ ಒಂದಿಷ್ಟು ಕಾಲ ನಾನೂ ಹಾಯಾಗಿದ್ದೆ. ಮತ್ತೆ ಹಾಕಿಸಿಕೊಂಡರೂ ಹಾಕಿಸಿಕೊಂಡೇನು, ಈ ಸಲ ತಿಳಿದು.

ಅಕ್ಕನ ಮಾತು ಬೇರೆ. ಅವಳು ಇರುವುದು ಒಬ್ಬಳೇ. ಸಂಧಿವಾತದಿಂದ ಬೆರಳುಗಳು ಮಡಚುವುದಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನೂ ಪಕ್ಕದ ಮನೆಯವರು ತೆಗೆದುಕೊಡಬೇಕು. ನನ್ನ ಪಾಡನ್ನೆಲ್ಲ ಹೇಳಿ, ಬೇಡ ಕಣೇ ಎಂದೆ. "ನನಗೂ ಹಾಗಾಗೋದಿದ್ರೆ ಡಾಕ್ಟ್ರು ಹೇಳ್ತಿರ್ಲಿಲ್ವೇನೇ? ಸುಮ್ನೆ ಹೆದರಿಸ್ಬೇಡ" ಎಂದಳು. ನಿಮ್ಮ ಮೌನವನ್ನೇ ಅವಳು ಭರವಸೆ ಎಂದುಕೊಂಡಿದ್ದಾಳೆ. ಇದಕ್ಕೆ ನಾನೇನು ಹೇಳಲಿ?

ನೀವು ಹೇಳಿ. ಗುರುವಾರ ಅವಳನ್ನು ಮಲಗಿಸುವ ಮೊದಲು ನಿಮ್ಮಲ್ಲಿ ಯಾರಾದರೂ ಅವಳೆದುರು ಕೂತು, ಮೂತ್ರ ಕಟ್ಟಬಹುದು, ಸೋಂಕಾಗಬಹುದು ಎಂದು ಬಿಡಿಸಿ ಹೇಳಿ. ಒಂದು ನಳಿಕೆಯನ್ನು ಅವಳ ಕೈಗೆ ಕೊಡಿ. ಅದು ಕೆಳಗೆ ಬೀಳುತ್ತದೆ. ಬಗ್ಗಿ ಎತ್ತಿಕೊಡುವಾಗ, ಮನೆಯಲ್ಲಿ ಇದನ್ನು ಎತ್ತಿಕೊಡುವವರು ಯಾರು ಎಂದು ಕೇಳಿ. ಅವಳು ಉತ್ತರ ಕೊಡುವವರೆಗೆ ಸೂಜಿ ಮುಟ್ಟಬೇಡಿ.

ಇಂತಿ,
ತಮ್ಮ ಲೆಕ್ಕದಲ್ಲಿ ಗುಣಮುಖಳಾಗಿರುವ
ಒಬ್ಬ ಬಸ್ ಚಾಲಕಿ